ಕಲಾಕ್ಷೇತ್ರದ ಹತ್ತಿರ ಎತ್ತರದ ಮನೆ: ತುಮಕೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳೆದದ್ದು ಚಿಕ್ಕಪೇಟೆಯ ಹೆಂಚಿನ ಮನೆಯಲ್ಲಿ. ಆಮೇಲೆ ಹದಿನೈದು ವರ್ಷ ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್ ಸೈಟುಗಳಲ್ಲಿ ನೀರಿನ ಪೈಪು, ಬೆಂಕಿ ಆರಿಸುವ ಪೈಪುಗಳ ಕೆಲಸ ನೋಡಿಕೊಂಡೆ. ಈಗ ತುಮಕೂರಿಗೆ ವಾಪಸ್ ಬಂದು 14 ಮಹಡಿಯ ಕಟ್ಟಡವೊಂದರ 11ನೇ ಮಹಡಿಯಲ್ಲಿದ್ದೇನೆ. ಅಮಾನಿಕೆರೆ, ಕಲಾಕ್ಷೇತ್ರದ ಸುತ್ತಮುತ್ತ, ಅಂದರೆ ನಾನು ‘ಕಲೆಯ ಜಾಗ’ ಅಂತ ಕರೆಯುವ ಕಡೆ, ಎತ್ತರದ ಮನೆ ಹುಡುಕುವ ನೆಂಟರು, ಸ್ನೇಹಿತರು, ಅವರ ಸ್ನೇಹಿತರು ಎಲ್ಲರೂ ಫೋನ್ ಮಾಡುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಕಲೆಯ ಜಾಗ ಅಂತ ನೀವು ಹೇಳೋದು ಯಾವುದನ್ನ?

ಗುಬ್ಬಿ ವೀರಣ್ಣ ಕಲಾಕ್ಷೇತ್ರ, ಕನ್ನಡ ಭವನ, ಅಮಾನಿಕೆರೆಯ ಗಾಜಿನ ಮನೆ, ಇವುಗಳ ಸುತ್ತಲಿನ ಊರು. ಬೋರ್ಡ್ ಹಾಕಿ ಗುರುತಿಸಿದ ವಲಯ ಅಲ್ಲ, ನಾನು ಕರೆಯುವ ಹೆಸರು ಅಷ್ಟೇ. ಆದರೆ ಹೆಸರಿಗೆ ಕಾರಣ ಇದೆ. ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿ ಇಡೀ ಕರ್ನಾಟಕಕ್ಕೆ ನಟರನ್ನು ಕೊಟ್ಟಿತು. ವೀರಣ್ಣನವರ ಕಂಪನಿ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಇವತ್ತಿಗೂ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಕಲಿತು, ಪೌರಾಣಿಕ ನಾಟಕ ಆಡುತ್ತಾರೆ. ಹೊಲದಲ್ಲಿ ಕೆಲಸ ಮಾಡುವವರೇ ರಾತ್ರಿ ದುರ್ಯೋಧನ ಆಗುತ್ತಾರೆ. ಅಂಥ ಜಿಲ್ಲೆಯ ನಾಟಕದ ಮನೆ ಈ ಕಲಾಕ್ಷೇತ್ರ.

ಬ್ರೋಷರಿನಲ್ಲಿ ‘ಸ್ಕೈಸ್ಕ್ರೇಪರ್’ ಅಂತ ಹಾಕಿದ್ದಾರೆ. ನಿಜವಾ?

ಸಾಮಾನ್ಯವಾಗಿ 150 ಮೀಟರ್ ದಾಟಿದ್ದನ್ನು ಆ ಹೆಸರಿನಿಂದ ಕರೆಯುತ್ತಾರೆ. ಒಂದು ಮಹಡಿಗೆ ಸುಮಾರು 3 ಮೀಟರ್ ಲೆಕ್ಕ ಹಾಕಿ. 20 ಮಹಡಿ ಅಂದರೆ 60 ಮೀಟರ್. ಹೆಸರು ಏನೇ ಇರಲಿ, ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮುಟ್ಟಿದರೆ ಅದು ಬಹುಮಹಡಿ ಕಟ್ಟಡ. ಅಲ್ಲಿಂದ ಬೆಂಕಿ, ಲಿಫ್ಟು, ಮೆಟ್ಟಿಲಿನ ನಿಯಮ ಬಿಗಿಯಾಗುತ್ತವೆ. ನಮಗೆ ಬೇಕಾದದ್ದು ಅದು.

1,800 ಚದರಡಿ ಅಂತಾರೆ, ಒಳಗೆ ನೋಡಿದರೆ ಸಣ್ಣದಾಗಿ ಕಾಣುತ್ತೆ. ಯಾಕೆ?

1,800 ಅನ್ನುವುದು ಸೂಪರ್ ಬಿಲ್ಟ್‌ಅಪ್. ಲಾಬಿ, ಲಿಫ್ಟ್ ಓಡಾಡುವ ಜಾಗ, ಮೆಟ್ಟಿಲು, ಕ್ಲಬ್‌ಹೌಸ್ ಎಲ್ಲದರಲ್ಲೂ ನಿಮ್ಮ ಪಾಲು ಸೇರಿಸಿದ ಲೆಕ್ಕ. ಒಳಗೆ ಕಾಲಿಟ್ಟು ನಡೆಯುವ ಜಾಗ ಕಾರ್ಪೆಟ್ ಏರಿಯಾ, ಅದು 1,250 ಆಸುಪಾಸು ಇರಬಹುದು. ರೇರಾ, ಅಂದರೆ ಮನೆ ಕೊಳ್ಳುವವರನ್ನು ಕಾಪಾಡುವ ರಿಯಲ್ ಎಸ್ಟೇಟ್ ಕಾಯ್ದೆ ಪ್ರಕಾರ ಕಾರ್ಪೆಟ್ ಏರಿಯಾ ಹೇಳಲೇಬೇಕು. ಎರಡು ಕಟ್ಟಡ ಹೋಲಿಸುವಾಗ ಬೆಲೆಯನ್ನು ಕಾರ್ಪೆಟ್‌ನಿಂದ ಭಾಗಿಸಿ ನೋಡಿ. ಲಾಬಿ ದೊಡ್ಡದಿದ್ದಷ್ಟೂ ಈ ವ್ಯತ್ಯಾಸ ಜಾಸ್ತಿ.

ಜೊತೆಗೆ ನೆಲದಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು ಅಂತಲೂ ಬರೆಸಿಕೊಳ್ಳಿ. 50 ವರ್ಷದ ನಂತರ ಕಟ್ಟಡ ಹೋದರೂ ಉಳಿಯುವುದು ಆ ಪಾಲೇ.

ಹೇಳಿದ ಬೆಲೆಯ ಮೇಲೆ ಇನ್ನೆಷ್ಟು ಸೇರುತ್ತೆ?

80 ಲಕ್ಷದ ಫ್ಲ್ಯಾಟ್ ಅಂತ ಇಟ್ಟುಕೊಳ್ಳೋಣ. ಇನ್ನೂ ಕಟ್ಟುತ್ತಿದ್ದರೆ ಜಿಎಸ್‌ಟಿ 5%, ಅಂದರೆ 4 ಲಕ್ಷ. ಓಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡುವ ಪ್ರಮಾಣಪತ್ರ) ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಸ್ಟಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ ನಗರದಲ್ಲಿ 5.6%, ಅಂದರೆ 4,48,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಹೋಗಿ 2% ಆಗಿದೆ, ಅಂದರೆ 1,60,000. ಮೂರೂ ಸೇರಿದರೆ 10,08,000 ರೂಪಾಯಿ. ಕಾರ್ ಪಾರ್ಕಿಂಗು, ಕ್ಲಬ್ ಮೆಂಬರ್‌ಶಿಪ್ಪು, ಮುಂಗಡ ಮೇಂಟೆನೆನ್ಸು ಇದರಲ್ಲಿ ಸೇರಿಲ್ಲ.

ಬೆಲೆ 50 ಲಕ್ಷ ಮುಟ್ಟಿದರೆ 1% ಟಿಡಿಎಸ್ (ಮಾರುವವರ ಲೆಕ್ಕದ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವ ಜವಾಬ್ದಾರಿ ಕೊಳ್ಳುವವರದ್ದು. ಇದು ಹೆಚ್ಚಿನ ಖರ್ಚಲ್ಲ, ಬಿಲ್ಡರಿಗೆ ಕೊಡುವ ದುಡ್ಡಿನಲ್ಲೇ ಹಿಡಿಯುವುದು. ತುಂಬಾ ಜನ ಮರೆತು, ಆಮೇಲೆ ನೋಟಿಸು ಬಂದಾಗ ಗಾಬರಿಯಾಗುತ್ತಾರೆ.

ಬುಕ್ ಮಾಡುವ ಮೊದಲು ಯಾವ ಕಾಗದ ನೋಡಬೇಕು?

ಮೊದಲು ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿ. 500 ಚದರ ಮೀಟರ್‌ಗಿಂತ ದೊಡ್ಡ ಜಾಗ ಅಥವಾ 8ಕ್ಕಿಂತ ಜಾಸ್ತಿ ಮನೆ ಇದ್ದರೆ ನೋಂದಣಿ ಕಡ್ಡಾಯ. ಪ್ಲಾನು, ಮುಗಿಸುವ ತಾರೀಖು, ಮೂರು ತಿಂಗಳಿಗೊಮ್ಮೆ ಕೆಲಸ ಎಲ್ಲಿಗೆ ಬಂತು ಅನ್ನುವ ವರದಿ ಅಲ್ಲೇ ಸಿಗುತ್ತವೆ.

ಮಾರಾಟದ ಕರಾರು ನೋಂದಣಿ ಆಗುವ ಮೊದಲು ಬೆಲೆಯ 10%ಗಿಂತ ಜಾಸ್ತಿ ಕೇಳುವಂತಿಲ್ಲ. ಇದನ್ನು ನಮ್ಮ ಜನಕ್ಕೆ ಎಷ್ಟು ಸಲ ಹೇಳಿದರೂ ಸಾಲದು. ‘ಈ ವಾರ ಕೊಟ್ಟರೆ ರೇಟು ಕಡಿಮೆ’ ಅಂದ ತಕ್ಷಣ ಚೀಟಿ ದುಡ್ಡು, ಒಡವೆ ಸಾಲ ಎಲ್ಲ ತಂದು ಸುರಿಯುತ್ತಾರೆ. ಕರಾರಿಲ್ಲದೆ ಕೊಟ್ಟ ದುಡ್ಡು ವಾಪಸ್ ಬರುವುದು ಬಹಳ ಕಷ್ಟ.

ಕಟ್ಟಿ ಮುಗಿದ ಕಟ್ಟಡವಾದರೆ ಓಸಿ ನೋಡದೆ ಮುಂದೆ ಹೋಗಬೇಡಿ. ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರಿನ ಸಂಪರ್ಕ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಇ-ಖಾತಾ ಇದೆಯಾ ಕೇಳಿ. ತಾಯಿ ಪತ್ರದಿಂದ ಹಿಡಿದು ಎಲ್ಲವನ್ನೂ ನಿಮ್ಮ ಕಡೆಯ ವಕೀಲರಿಗೆ ತೋರಿಸಿ. ಬಿಲ್ಡರು ಹೇಳಿದ ವಕೀಲರಿಗಲ್ಲ.

ತಡ ಆದರೆ? ಗೋಡೆ ಬಿರುಕು ಬಿಟ್ಟರೆ?

ತಡವಾದರೆ ಎರಡು ದಾರಿ. ಹೊರಗೆ ಬಂದು ಬಡ್ಡಿ ಸಮೇತ ದುಡ್ಡು ವಾಪಸ್ ಕೇಳಬಹುದು, ಅಥವಾ ಉಳಿದುಕೊಂಡು ತಡವಾದ ತಿಂಗಳಿಗೆಲ್ಲ ಬಡ್ಡಿ ಕೇಳಬಹುದು. ಕಟ್ಟಡದ ರಚನೆ ಅಥವಾ ಕೆಲಸದಲ್ಲಿ ದೋಷ ಕಂಡರೆ, ಮನೆ ಕೈಗೆ ಬಂದ 5 ವರ್ಷದೊಳಗೆ ಬರೆದು ಕೊಟ್ಟರೆ ಬಿಲ್ಡರು ದುಡ್ಡಿಲ್ಲದೆ ಸರಿಮಾಡಬೇಕು. ಬಾಯಲ್ಲಿ ಹೇಳಬೇಡಿ. ಫೋಟೋ ತೆಗೆದು, ತಾರೀಖು ಹಾಕಿ, ಇಮೇಲ್ ಮಾಡಿ.

ಎತ್ತರದ ಕಟ್ಟಡದಲ್ಲಿ ನೀರಿನ ಕಥೆ ಏನು?

ಇದು ನನ್ನ ಕೆಲಸ, ಸ್ವಲ್ಪ ಉದ್ದ ಹೇಳುತ್ತೇನೆ.

ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ರೂಢಿಯ ಲೆಕ್ಕ. 100 ಮನೆ, ಮನೆಗೆ ನಾಲ್ಕು ಜನ ಅಂದರೆ ದಿನಕ್ಕೆ 54,000 ಲೀಟರ್. 6,000 ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ ಒಂಬತ್ತು. ಪಾಲಿಕೆ ನೀರು ಅಂದರೆ ನಮಗೆ ಬಹುಪಾಲು ಹೇಮಾವತಿ. ಗೊರೂರಿನಿಂದ ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ಸೇರಿ, ಅಲ್ಲಿಂದ ಊರಿಗೆ. ನೀರು ಬಿಡದ ದಿನಗಳಿಗೆ ಕಟ್ಟಡದಲ್ಲಿ ಎಷ್ಟು ದಿನದ ಸಂಗ್ರಹ ಇದೆ ಅಂತ ಕೇಳಿ. ‘ಬೋರ್ ಇದೆ’ ಅಂದರೆ ಸಾಲದು. ಎಷ್ಟು ಆಳ, ಏಪ್ರಿಲ್‌ನಲ್ಲಿ ಎಷ್ಟು ಬರುತ್ತೆ, ನೀರು ಪರೀಕ್ಷೆ ಮಾಡಿಸಿದ ವರದಿ ಎಲ್ಲಿ ಅಂತ ಕೇಳಿ. ಗಡಸು ನೀರಾದರೆ ಎರಡೇ ವರ್ಷದಲ್ಲಿ ಗೀಸರ್ ಕಾಯಿಲ್ ಮೇಲೆ ಸುಣ್ಣದ ಪದರ ಕೂರುತ್ತೆ.

ಇನ್ನು ಒತ್ತಡ. ನೀರು 10 ಮೀಟರ್ ಕೆಳಗೆ ಇಳಿದರೆ ಸುಮಾರು 1 ಕೆ.ಜಿ. (ಚದರ ಸೆಂಟಿಮೀಟರಿಗೆ) ಒತ್ತಡ ಏರುತ್ತದೆ. ತಾರಸಿ ಟ್ಯಾಂಕಿಯಿಂದ 42 ಮೀಟರ್ ಕೆಳಗಿನ ಮನೆಗೆ ನೇರ ಪೈಪ್ ಹಾಕಿದರೆ ಅಲ್ಲಿ 4 ಕೆ.ಜಿ. ದಾಟುತ್ತದೆ. ನಲ್ಲಿಯ ವಾಷರು, ಆ್ಯಂಗಲ್ ಕಾಕು, ಹ್ಯಾಂಡ್ ಶವರಿನ ಪೈಪು ಒಂದೊಂದಾಗಿ ಕೈಕೊಡುತ್ತವೆ. ಅದಕ್ಕೆ ನಡುವೆ ಒತ್ತಡ ತಗ್ಗಿಸುವ ವಾಲ್ವ್ ಹಾಕುತ್ತಾರೆ. ಮೇಲಿನ ಎರಡು ಮೂರು ಮಹಡಿಯದ್ದು ಇದಕ್ಕೆ ಉಲ್ಟಾ. ಟ್ಯಾಂಕಿ ಪಕ್ಕದಲ್ಲೇ ಇದ್ದರೂ ಒತ್ತಡ ಸಾಲದು, ಬೂಸ್ಟರ್ ಪಂಪ್ ಬೇಕು. ಜಾಸ್ತಿ ದುಡ್ಡು ಕೊಟ್ಟು ತುತ್ತತುದಿಯ ಮನೆ ತಗೊಂಡವರೇ ತಂಬಿಗೆಯಲ್ಲಿ ಮೊಗೆದು ಸ್ನಾನ ಮಾಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಾಗಾಗಿ ಬೆಳಗ್ಗೆ ಏಳಕ್ಕೆ ಹೋಗಿ. ಮೇಲಿನ ಮನೆಯ ಶವರ್ ಬಿಡಿ. ಅದು ಹರಿಯುತ್ತಿರುವಾಗಲೇ ಅಡುಗೆಮನೆ ನಲ್ಲಿ ತಿರುಗಿಸಿ, ಫ್ಲಶ್ ಮಾಡಿ. ಧಾರೆ ದಾರವಾದರೆ ಪಂಪ್ ಇಲ್ಲ, ಅಥವಾ ಇದ್ದೂ ಕೆಲಸ ಮಾಡುತ್ತಿಲ್ಲ.

ಮಳೆ ನೀರಿನ ಬಗ್ಗೆಯೂ ಒಂದು ಮಾತು. 1,000 ಚದರ ಮೀಟರ್ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 50,000 ಲೀಟರ್. ಹತ್ತಿರ ಹತ್ತಿರ ಇಡೀ ಕಟ್ಟಡದ ಒಂದು ದಿನದ ನೀರು. ಅದನ್ನು ಚರಂಡಿಗೆ ಬಿಡುವ ಕಟ್ಟಡವನ್ನು ಐಷಾರಾಮಿ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಲಿಫ್ಟ್ ನಿಂತರೆ?

ಒಂದು ಮಳೆಗಾಲದ ರಾತ್ರಿ ನಮ್ಮ ಮಾವನವರಿಗೆ ಎದೆನೋವು ಬಂತು. ಅದೇ ಹೊತ್ತಿಗೆ ಕರೆಂಟು ಹೋಯಿತು. ಜನರೇಟರ್ ಇತ್ತು, ಅದರಲ್ಲಿ ಡೀಸೆಲ್ ಇರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅವರದೇ ಪಂಚೆಯಿಂದ ಸೊಂಟದ ಹತ್ತಿರ ಕುರ್ಚಿಗೆ ಕಟ್ಟಿದೆವು. ನಾಲ್ಕು ಜನ ಹುಡುಗರು ಎತ್ತಿಕೊಂಡರು. ನಾನು ಮುಂದೆ ಮೊಬೈಲ್ ಟಾರ್ಚ್ ಹಿಡಿದು ಹಿಂದಕ್ಕೆ ನೋಡುತ್ತಾ ಇಳಿದೆ. ಇನ್ನೂರಕ್ಕೂ ಜಾಸ್ತಿ ಮೆಟ್ಟಿಲು. ಪ್ರತಿ ತಿರುವಿನಲ್ಲೂ ಕುರ್ಚಿಯ ಹಿಂಗಾಲು ಗೋಡೆಗೆ ತಾಗಿ ಕಿರ್ ಅನ್ನುತ್ತಿತ್ತು. ಮಾವ ಒಂದೇ ಮಾತು ಹೇಳುತ್ತಿದ್ದರು, ‘ನಿಧಾನ ಕಣ್ರಪ್ಪ, ನೀವು ಬೀಳ್ತೀರಾ.’ ಕೆಳಗೆ ಬರಲು ಕಾಲು ಗಂಟೆ ಹಿಡಿಯಿತು. ಅವರು ಉಳಿದರು. ಆದರೆ ಆ ಕಾಲು ಗಂಟೆ ನನಗೆ ಇನ್ನೂ ಮರೆತಿಲ್ಲ.

ಆದ್ದರಿಂದ ಇವಿಷ್ಟನ್ನು ಕೇಳಲೇಬೇಕು. ಎಲ್ಲಾ ಲಿಫ್ಟುಗಳೂ ಜನರೇಟರ್ ಮೇಲಿವೆಯಾ, ಒಂದೇ ಒಂದಾ? ಸ್ಟ್ರೆಚರ್ ಉದ್ದಕ್ಕೆ ಹಿಡಿಸುವ ಲಿಫ್ಟ್ ಇದೆಯಾ? ಕರೆಂಟು ಹೋದಾಗ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಸಾಧನ ಇದೆಯಾ? ಕರ್ನಾಟಕದಲ್ಲಿ ಲಿಫ್ಟುಗಳಿಗೆ 2012ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಅದನ್ನು ತೋರಿಸಿ ಅನ್ನಿ. ಡೀಸೆಲ್ ಟ್ಯಾಂಕಿನ ಅಳತೆ ಕಡ್ಡಿಯನ್ನು ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ ಅನ್ನುವುದೂ ಮುಖ್ಯ. ಈಗ ನಮ್ಮಲ್ಲಿ ಪ್ರತಿ ಸೋಮವಾರ ಸೆಕ್ಯುರಿಟಿಯವರು ಅಳತೆಯನ್ನು ಪುಸ್ತಕದಲ್ಲಿ ಬರೆಯುತ್ತಾರೆ.

ಬೆಂಕಿ ಬಿದ್ದರೆ ಏಣಿ ಅಷ್ಟು ಎತ್ತರ ಬರುತ್ತಾ?

ಏಣಿಯನ್ನು ನಂಬಿ ಎತ್ತರದ ಮನೆ ಕೊಳ್ಳಬಾರದು. ಕಟ್ಟಡದ ಒಳಗಿನ ವ್ಯವಸ್ಥೆಯೇ ನಿಮ್ಮನ್ನು ಕಾಪಾಡಬೇಕು. ಪ್ರತಿ ಮಹಡಿಯಲ್ಲೂ ಕೆಂಪು ಪೈಪು, ಹೋಸ್ ಪೆಟ್ಟಿಗೆ ಇರುತ್ತವೆ. ಅದರಲ್ಲಿ ಯಾವಾಗಲೂ ಒತ್ತಡದಲ್ಲಿ ನೀರು ನಿಂತಿರಬೇಕು, ಅದಕ್ಕೆಂದೇ ಒಂದು ಸಣ್ಣ ಪಂಪ್ ಇರುತ್ತದೆ. ತಾರಸಿಯ ಮೇಲಿನ ವಾಲ್ವ್ ತೆರೆಸಿ ನೋಡಿ. ಅಲ್ಲಿ 3.5 ಕೆ.ಜಿ. ಒತ್ತಡ ಸಿಗಬೇಕು. ಗೇಜಿನ ಮುಳ್ಳು ಸೊನ್ನೆಯಲ್ಲಿ ಮಲಗಿದ್ದರೆ ಅದು ಬರೀ ಬಣ್ಣ ಬಳಿದ ಕಬ್ಬಿಣ.

ಮೆಟ್ಟಿಲಿನ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳಬೇಕು. ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ, ಆ ಬಾಗಿಲು ಹೊಗೆಯನ್ನು ತಡೆಯಲಿಕ್ಕೆ ಇರುವುದು. ಗಾಳಿ ಬರಲಿ ಅಂತ ಅದಕ್ಕೆ ಹೂಕುಂಡ ಒತ್ತಿ ಇಡುವುದು, ಮೆಟ್ಟಿಲ ಮೇಲೆ ಚಪ್ಪಲಿ ಸ್ಟ್ಯಾಂಡು, ಮಕ್ಕಳ ಸೈಕಲ್ ಇಡುವುದು ದಯವಿಟ್ಟು ಬೇಡ. ಅಗ್ನಿಶಾಮಕ ಸಿಬ್ಬಂದಿಯ ಲಿಫ್ಟು ಒಂದು ನಿಮಿಷದೊಳಗೆ ಮೇಲಿನ ಮಹಡಿ ಮುಟ್ಟಬೇಕು ಅನ್ನುವುದು ನಿಯಮ. ಗಡಿಯಾರ ಹಿಡಿದು ನೋಡಿ.

ನಾಟಕ, ಆರ್ಕೆಸ್ಟ್ರಾ, ಸಭೆ… ಸದ್ದಿಗೆ ನಿದ್ದೆ ಬರುತ್ತಾ?

ಮೇಲಿನ ಮಹಡಿಗೆ ಸದ್ದು ಬರಲ್ಲ ಅಂತ ಮಾರುವವರು ಹೇಳುತ್ತಾರೆ. ಬರುತ್ತದೆ. ಕೆಳಗಿನ ಮನೆಗಾದರೆ ಕಾಂಪೌಂಡು, ಮರ, ಪಕ್ಕದ ಕಟ್ಟಡ ಸ್ವಲ್ಪ ತಡೆಯುತ್ತವೆ. ಮೇಲೆ ತಡೆಯಲು ಏನೂ ಇಲ್ಲ.

ನಿಯಮ ಹೀಗಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸರ್ಕಾರ ಅನುಮತಿ ಕೊಡಬಹುದು. ಮುಚ್ಚಿದ ಸಭಾಂಗಣದ ಒಳಗಿನ ಕಾರ್ಯಕ್ರಮ ಬೇರೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಸದ್ದು ನಿಮಗೆ ಆಗಲ್ಲ ಅಂದರೆ ಮಲಗುವ ಕೋಣೆಗೆ ರಬ್ಬರ್ ಬೀಡಿಂಗ್ ಸರಿಯಾಗಿರುವ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ) ಕಿಟಕಿ, ಎರಡು ಪದರದ ಗಾಜು ಹಾಕಿಸಿ. ತುಂಬಾ ವ್ಯತ್ಯಾಸ ಆಗುತ್ತದೆ.

ಆದರೆ ನನ್ನ ಮನಸ್ಸಿನ ಮಾತು ಹೇಳುತ್ತೇನೆ. ‘ಕಲೆಯ ಮಡಿಲಲ್ಲಿ ಮನೆ’ ಅಂತ ಓದಿ, ಅದಕ್ಕೇ ಜಾಸ್ತಿ ದುಡ್ಡು ಕೊಟ್ಟು ಬಂದವರು, ಮೂರು ತಿಂಗಳಲ್ಲಿ ನಾಟಕ ನಿಲ್ಲಿಸಿ ಅಂತ ಅರ್ಜಿ ಬರೆಯಬಾರದು. ಕಲಾಕ್ಷೇತ್ರ ನಮಗಿಂತ ಮೊದಲೇ ಅಲ್ಲಿತ್ತು. ಕುಣಿಗಲ್ ಕಡೆಯ ಹಳ್ಳಿಯವರು ಒಂದು ನಾಟಕಕ್ಕೆ ಸೀನರಿ, ಡ್ರೆಸ್ಸು, ಮೇಷ್ಟ್ರು ಅಂತ ಸ್ವಂತ ಕೈಯಿಂದ ಖರ್ಚು ಮಾಡಿ, ಟೆಂಪೊ ತುಂಬಾ ಬಂದು ಆಡುತ್ತಾರೆ. ಅವರಿಗೆ ವರ್ಷಕ್ಕೊಂದು ದಿನ ಅದು. ಒಂದು ಭಾನುವಾರ ನಾನು ಹಿಂಬಾಗಿಲ ಹತ್ತಿರ ನಿಂತಿದ್ದೆ. ಅರ್ಧ ಮೇಕಪ್ಪಿನ ಕರ್ಣನೊಬ್ಬರು ಕಿರೀಟ ಕಂಕುಳಲ್ಲಿ ಇಟ್ಟುಕೊಂಡು, ಪ್ಲಾಸ್ಟಿಕ್ ಲೋಟದಲ್ಲಿ ಟೀ ಕುಡಿಯುತ್ತಾ, ಬೆರಳಲ್ಲಿ ತೊಡೆಗೆ ತಾಳ ಹಾಕಿಕೊಂಡು ಕಂದ ಪದ್ಯ ಒಪ್ಪಿಸಿಕೊಳ್ಳುತ್ತಿದ್ದರು. ‘ಭಯ ಆಗುತ್ತಾ ಅಣ್ಣ?’ ಅಂದೆ. ‘ಹೊಲ ಉಳೋಕಿಂತ ಕಷ್ಟ ಕಣಮ್ಮ ಇದು’ ಅಂದರು.

ಸದ್ದು ಬೇಡವಾದವರಿಗೆ ಊರಲ್ಲಿ ಬೇರೆ ಬಡಾವಣೆಗಳಿವೆ. ಇಲ್ಲಿಗೆ ಬರುವವರು ನಾಟಕ ಇರುವ ದಿನ ಸಂಜೆ ಬಾಲ್ಕನಿಯಲ್ಲಿ ಒಂದು ಗಂಟೆ ನಿಂತು ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.

ಎತ್ತರದ ಕಟ್ಟಡದಿಂದ ಕಲಾಕ್ಷೇತ್ರಕ್ಕೆ, ಕೆರೆಗೆ ತೊಂದರೆ ಆಗುತ್ತಾ?

ಈ ಪ್ರಶ್ನೆ ಕೇಳುವವರು ಕಡಿಮೆ. ಕೇಳಬೇಕಾದ ಪ್ರಶ್ನೆ.

ಅಮೆರಿಕದ ಡಲ್ಲಾಸ್ ಊರಿನಲ್ಲಿ ಕಲೆಗೆಂದೇ ಮೀಸಲಾದ ಪ್ರದೇಶ ಇದೆ. ಅಲ್ಲಿ 2003ರಲ್ಲಿ ನ್ಯಾಶರ್ ಶಿಲ್ಪಕಲಾ ಕೇಂದ್ರ ತೆರೆಯಿತು. ರೆಂಜೊ ಪಿಯಾನೊ ಎಂಬ ವಾಸ್ತುಶಿಲ್ಪಿ ಅದಕ್ಕೆ ಗಾಜಿನ ಛಾವಣಿ ಹಾಕಿ, ಮೇಲೆ ಅಲ್ಯೂಮಿನಿಯಂ ಜಾಲರಿ ಕೂರಿಸಿದರು. ಉತ್ತರದ ತಂಪು ಬೆಳಕು ಒಳಗೆ ಬರಬೇಕು, ನೇರ ಬಿಸಿಲು ಬರಬಾರದು, ಹಾಗೆ ಲೆಕ್ಕ ಹಾಕಿದ ಜಾಲರಿ. ಆಮೇಲೆ ಪಕ್ಕದಲ್ಲಿ ಮ್ಯೂಸಿಯಂ ಟವರ್ ಅನ್ನುವ 42 ಮಹಡಿಯ ಐಷಾರಾಮಿ ವಸತಿ ಕಟ್ಟಡ ಎದ್ದಿತು. ಮೈಯೆಲ್ಲಾ ಗಾಜು. ಆ ಗಾಜಿಗೆ ಬಿದ್ದ ಬಿಸಿಲು ತಿರುಗಿ, ಯಾವ ಕಡೆಯಿಂದ ಬರಲ್ಲ ಅಂದುಕೊಂಡಿದ್ದರೋ ಅದೇ ಕಡೆಯಿಂದ ಜಾಲರಿಯೊಳಗೆ ನುಗ್ಗಿತು. ಕಲಾಕೃತಿಗಳ ಮೇಲೆ ಬಿಸಿಲಿನ ಚುಕ್ಕೆ, ತೋಟದ ಗಿಡಗಳಿಗೆ ಝಳ. ಛಾವಣಿಯ ಕಿಂಡಿಯಿಂದ ಬರೀ ಆಕಾಶ ನೋಡಲೆಂದು ಕಲಾವಿದ ಜೇಮ್ಸ್ ಟರೆಲ್ ಮಾಡಿದ್ದ ಕೋಣೆಯೊಂದಿತ್ತು. ಆ ಕಿಂಡಿಯಲ್ಲಿ ಕಟ್ಟಡದ ತುದಿ ಕಾಣತೊಡಗಿ, ಕೋಣೆಯನ್ನೇ ಮುಚ್ಚಬೇಕಾಯಿತು. ಕಲೆಯ ಪಕ್ಕ ಅಂತ ಹೇಳಿ ಕಟ್ಟಿದ ಮನೆಯೇ ಕಲೆಗೆ ಅಡ್ಡ ನಿಂತಿತು.

ನಮ್ಮೂರಲ್ಲಿ ಅಷ್ಟು ಎತ್ತರ ಇಲ್ಲ, ಸರಿ. ಆದರೆ ಬಿಸಿಲು ನಮ್ಮಲ್ಲೂ ಇದೆ, ಕನ್ನಡಿಯಂಥ ಗಾಜು ಹಾಕುವ ಆಸೆಯೂ ಇದೆ. ಸಂಜೆ ಕೆರೆ ಏರಿಯ ಮೇಲೆ ಓಡಾಡುವವರ ಕಣ್ಣಿಗೆ, ಎದುರು ಮನೆಯವರ ಗೋಡೆಗೆ ಆ ಝಳ ಬೀಳುತ್ತದೆ. ಗಾಜು ಎಷ್ಟು ಬೆಳಕು ಹಿಂದಕ್ಕೆ ಎಸೆಯುತ್ತದೆ ಅನ್ನುವ ಅಂಕಿ ತಯಾರಕರ ಹಾಳೆಯಲ್ಲಿ ಇರುತ್ತದೆ, ಕೇಳಿ. ಗಾಜು ಕಡಿಮೆ, ಆಳವಾದ ಬಾಲ್ಕನಿ, ಕಿಟಕಿಗೆ ಸಜ್ಜಾ ಇರುವ ಕಟ್ಟಡ ನಿಮಗೂ ತಂಪು, ಬೀದಿಗೂ ತಂಪು. ಕೊಳಚೆ ನೀರು ಶುದ್ಧ ಮಾಡುವ ಘಟಕ (ಎಸ್‌ಟಿಪಿ) ಓಡುತ್ತಿದೆಯಾ ಅಂತ ಮೂಗಿನಿಂದಲೇ ಗೊತ್ತಾಗುತ್ತದೆ, ನೆಲಮಾಳಿಗೆಗೆ ಒಮ್ಮೆ ಇಳಿಯಿರಿ. ಅದು ನಿಂತರೆ ಹೊಲಸು ಹೋಗುವುದು ತಗ್ಗಿನ ಕಡೆಗೆ, ತಗ್ಗಿನಲ್ಲಿ ಕೆರೆ ಇರುತ್ತದೆ.

ಯಾವ ದಿಕ್ಕಿನ ಮನೆ ಒಳ್ಳೆಯದು?

ಪೂರ್ವಕ್ಕೆ ತೆರೆದರೆ ಬೆಳಗಿನ ಬಿಸಿಲು, ಮೋಡ ಇಲ್ಲದ ದಿನ ದೇವರಾಯನದುರ್ಗದ ಬೆಟ್ಟ. ಪಶ್ಚಿಮಕ್ಕಾದರೆ ಮಾರ್ಚಿಯಿಂದ ಮೇವರೆಗೆ ಸಂಜೆ ಗೋಡೆ ಕಾದ ಹೆಂಚಾಗುತ್ತದೆ. ಆಷಾಢದ ಗಾಳಿ, ಮುಂಗಾರಿನ ಇರಚಲು ಹೊಡೆಯುವುದೂ ಆ ಕಡೆಯಿಂದಲೇ. ವಾಸ್ತು ನೋಡುವವರು ನೋಡಲಿ, ನಾನು ಬೇಡ ಅನ್ನಲ್ಲ. ಜೊತೆಗೆ ಪಶ್ಚಿಮದ ಕಿಟಕಿ ಚೌಕಟ್ಟಿನ ಕೆಳಗೆ ನೀರು ಜಿನುಗಿದ ಕಲೆ ಇದೆಯಾ ಅಂತಲೂ ನೋಡಲಿ.

ಗೋಡೆ ಒಡೆದು ಅಡುಗೆಮನೆ ದೊಡ್ಡದು ಮಾಡಿಸಬಹುದಾ?

ಈಗಿನ ಎತ್ತರದ ಕಟ್ಟಡಗಳಲ್ಲಿ ತುಂಬಾ ಕಡೆ ಮಿವಾನ್ ಕೆಲಸ. ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆ, ಚಾವಣಿ ಒಟ್ಟಿಗೆ ಕಾಂಕ್ರೀಟ್ ಸುರಿಯುತ್ತಾರೆ. ಆ ಗೋಡೆಯೇ ಭಾರ ಹೊರುವುದು, ಮುಟ್ಟುವಂತಿಲ್ಲ. ಹೊಸ ಪ್ಲಗ್ ಪಾಯಿಂಟಿಗೂ ಕೊರೆಯುವುದು ಕಷ್ಟ. ಇಟ್ಟಿಗೆ ಅಥವಾ ಬ್ಲಾಕ್ ಗೋಡೆಯಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಕೇಳಿ, ಮನೆ ಮಾಲೀಕರ ಸಂಘದ ಒಪ್ಪಿಗೆ ತಗೊಂಡು ಮಾಡಿಸಿ.

ತಿಂಗಳಿಗೆ ಮೇಂಟೆನೆನ್ಸ್ ಎಷ್ಟು ಬರುತ್ತೆ?

ಚದರಡಿಗೆ 4 ರೂಪಾಯಿ ಅಂದರೆ 1,800ಕ್ಕೆ 7,200. ನಾಲ್ಕೂವರೆ ಆದರೆ 8,100. ಒಂದು ಮನೆಗೆ 7,500 ದಾಟಿ, ಸಂಘದ ವರ್ಷದ ವಹಿವಾಟು 20 ಲಕ್ಷ ಮೀರಿದ್ದರೆ 18% ಜಿಎಸ್‌ಟಿ ಬರುತ್ತದೆ. ಈಜುಕೊಳ, ಜಿಮ್, ಮೂರು ಲಿಫ್ಟ್ ನೋಡಿ ಖುಷಿಪಡುವಾಗ ಅವುಗಳ ಬಿಲ್ಲು ಪ್ರತಿ ತಿಂಗಳೂ ನಮ್ಮದೇ ಅನ್ನುವುದು ನೆನಪಿರಲಿ. ನಿವೃತ್ತಿ ಪಿಂಚಣಿಯಲ್ಲಿ ಇರುವವರು ಈ ಲೆಕ್ಕವನ್ನು ಇಎಂಐಗಿಂತ ಮೊದಲು ಹಾಕಲಿ, ಯಾಕೆಂದರೆ ಇಎಂಐ ಒಂದು ದಿನ ಮುಗಿಯುತ್ತದೆ.

ಸಂಘ ಬೇಗ ಆಗಬೇಕು. ಲಿಫ್ಟು, ಪಂಪು, ಬಣ್ಣ ಬದಲಿಸಲು ಬೇರೆ ನಿಧಿ ಇಡಬೇಕು. ಪೈಪುಗಳ ನಕ್ಷೆ, ವಾಲ್ವ್‌ಗಳ ಪಟ್ಟಿ, ಎಲ್ಲಾ ಯಂತ್ರಗಳ ವಾರಂಟಿ ಕಾಗದ ಬಿಲ್ಡರಿಂದ ಪಡೆದು ಕಪಾಟಿನಲ್ಲಿ ಇಡಿ. ನಕ್ಷೆ ಇಲ್ಲದ ಕಟ್ಟಡದಲ್ಲಿ ಒಂದು ಸೋರಿಕೆ ಹುಡುಕಲು ನಾವು ಆರು ಮನೆಯ ಟೈಲ್ಸ್ ಒಡೆದಿದ್ದೇವೆ.

ಹಳ್ಳಿಯಿಂದ ಅಪ್ಪ ಅಮ್ಮ ಬಂದರೆ ಅವರಿಗೆ ಒಗ್ಗುತ್ತಾ?

ಮೊದಲ ತಿಂಗಳು ಕಷ್ಟ. ಜಗುಲಿ ಇಲ್ಲ, ಹೋಗಿ ಬರುವವರು ಕಾಣಲ್ಲ. ನಮ್ಮ ಅಮ್ಮ ಲಿಫ್ಟಿನ ಗುಂಡಿ ಒತ್ತಲು ಹೆದರಿ ನಾನು ಬರುವವರೆಗೂ ಒಳಗೇ ಕೂತಿರುತ್ತಿದ್ದರು. ಕೆಳಗೆ ನೆರಳಿರುವ ಕಲ್ಲು ಬೆಂಚು ಹಾಕಿಸಿದ ಮೇಲೆ ಎಲ್ಲಾ ಬದಲಾಯಿತು. ಈಗ ಸಂಜೆ ಐದಕ್ಕೆ ಏಳೆಂಟು ಅಜ್ಜಿಯರು ಅಲ್ಲಿ ಸೇರುತ್ತಾರೆ. ಕಲಾಕ್ಷೇತ್ರದಲ್ಲಿ ನಾಟಕ ಇದ್ದರೆ ನನಗಿಂತ ಮೊದಲು ಅಮ್ಮನಿಗೇ ಗೊತ್ತು.

ತಾರಸಿಯ ಮೇಲೆ ಸಂಡಿಗೆ ಒಣಗಿಸಬಹುದಾ?

ತಾರಸಿ ಎಲ್ಲರಿಗೂ ಸೇರಿದ ಜಾಗ, ಹಾಗಾಗಿ ಸಂಘದ ಒಪ್ಪಿಗೆ ಬೇಕು. ನಮ್ಮಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಳಗ್ಗೆ ಎಂಟರಿಂದ ನಾಲ್ಕು ಗಂಟೆಯವರೆಗೆ ಪೂರ್ವದ ಮೂಲೆ ಬಿಟ್ಟುಕೊಟ್ಟಿದ್ದಾರೆ. ಮೇಲೆ ಗಾಳಿ ಜಾಸ್ತಿ. ಬಟ್ಟೆಯ ನಾಲ್ಕೂ ಮೂಲೆಗೆ ಕಲ್ಲು ಇಡಿ.